ವೇದಿಕೆಯ ಮಾತು, ಜಂಗಮನ ಹೊಣೆ

ಕಳೆದ ಶ್ರಾವಣ ಮಾಸದ ಒಂದು ಸೋಮವಾರ ಬೂಕನಕೆರೆಯ ಭಕ್ತರು ಏರ್ಪಡಿಸಿದ್ದ ಶಿವಾನುಭವ ಗೋಷ್ಠಿಗೆ ನಾವು ಹೋಗಿದ್ದೆವು. ಪ್ರವಚನ ಮುಗಿದು ಪ್ರಸಾದಕ್ಕೆ ಎಲೆ ಹಾಕುವ ಹೊತ್ತಿನಲ್ಲಿ ಶ್ರೀಮಠದ ಹಳೆಯ ವಿದ್ಯಾರ್ಥಿಯೊಬ್ಬರು ಎದ್ದು ನಿಂತು ಕೈಮುಗಿದರು. ಅವರೀಗ ನಿವೃತ್ತ ಉಪಾಧ್ಯಾಯರು. "ಬುದ್ಧೀ, ತಪ್ಪು ತಿಳಿಯಬಾರದು. ಮಠದವರು ಲಿಂಗಪೂಜೆ, ವಿದ್ಯಾದಾನ, ದಾಸೋಹ ಇವಿಷ್ಟನ್ನು ನೋಡಿಕೊಂಡರೆ ಸಾಲದೆ? ನೀರಿನ ಜಗಳ, ಊರಿನ ಗಲಭೆ, ಸರ್ಕಾರದ ವಿಚಾರ, ಇವಕ್ಕೆಲ್ಲ ತಾವು ಏಕೆ ತಲೆಕೊಡಬೇಕು? ಶಾಂತಿ ಶಾಂತಿ ಎಂದು ಹೇಳಿಕೊಂಡು ಹೋದರೆ ಎರಡು ಕಡೆಯವರಿಗೂ ಬೇಡವಾಗುವುದಿಲ್ಲವೆ?" ಎಂದು ಕೇಳಿದರು. ಸಭೆಯಲ್ಲಿ ಕೆಲವರು ಮುಗುಳ್ನಕ್ಕರು, ಕೆಲವರು ತಲೆದೂಗಿದರು.

ಆ ದಿನ ಸಮಯವಿಲ್ಲದ ಕಾರಣ ಎರಡು ಮಾತು ಹೇಳಿ ಮುಗಿಸಿದೆವು. ಆದರೆ ಪ್ರಶ್ನೆ ನಮ್ಮೊಡನೆಯೇ ಮಠಕ್ಕೆ ಬಂದಿತು. ಅದಕ್ಕೆ ಶಾಸ್ತ್ರದಿಂದ ಉತ್ತರ ಕೊಡುವುದು ಸುಲಭ. ಆದರೆ ಈ ವಿಷಯದಲ್ಲಿ ನಮ್ಮದೇ ಬದುಕಿನಲ್ಲಿ ನಡೆದ ಎರಡು ತಪ್ಪುಗಳನ್ನು ಮರೆಮಾಚಿ ಶಾಸ್ತ್ರ ಹೇಳಿದರೆ ಅದು ಆತ್ಮವಂಚನೆಯಾದೀತು. ಆದುದರಿಂದ ಸದ್ಭಕ್ತರ ಹಾಗೂ ಹಳೆಯ ವಿದ್ಯಾರ್ಥಿಗಳ ಮುಂದೆ ಅವನ್ನು ನಿವೇದಿಸಿಕೊಂಡು, ಆ ಬಳಿಕ ಉಪಾಧ್ಯಾಯರ ಪ್ರಶ್ನೆಗೆ ಬರುತ್ತೇವೆ.

ಬೂಕನಕೆರೆ ನಮಗೆ ಹೊರಗಿನ ಊರಲ್ಲ. ಆ ಹೋಬಳಿಯ ಒಂದು ಸಣ್ಣ ಹಳ್ಳಿಯ ಬೇಸಾಯಗಾರರ ಮನೆಯಲ್ಲಿ ಈ ಶರೀರ ಹುಟ್ಟಿದ್ದು. ಇಂದು ನಾಡಿನವರಿಗೆ ಬೂಕನಕೆರೆಯೆಂದರೆ ಮಾಜಿ ಮುಖ್ಯಮಂತ್ರಿ ಶ್ರೀ ಬಿ. ಎಸ್. ಯಡಿಯೂರಪ್ಪನವರ ಹುಟ್ಟೂರು. ನಮ್ಮ ಬಾಲ್ಯದಲ್ಲಿ ಅದು ಗೋಗಲಮ್ಮನ ಗುಡಿಯ ಊರು. ಅಂಚೆಯಿರುವ, ಬಸ್ಸು ನಿಲ್ಲುವ ಊರು. ಕೃಷ್ಣರಾಜಪೇಟೆ ತಾಲ್ಲೂಕಿನವರಿಗೆ ನೀರಿನ ಎರಡು ಮುಖಗಳೂ ಗೊತ್ತು. ಹೇಮಾವತಿ ನಮ್ಮ ತಾಲ್ಲೂಕಿನಲ್ಲಿ ಹರಿದು ಅಂಬಿಗರಹಳ್ಳಿಯ ಬಳಿ ಕಾವೇರಿಯನ್ನು ಕೂಡುತ್ತಾಳೆ. ಅದರ ಕೆಳಗೆ ಕೃಷ್ಣರಾಜಸಾಗರದ ಹಿನ್ನೀರು. ೧೯೧೧ರಲ್ಲಿ ಕಟ್ಟಲು ತೊಡಗಿದ ಆ ಅಣೆಕಟ್ಟಿನ ನೀರು ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರುಗಳ ಬಯಲನ್ನು ಹಸುರು ಮಾಡಿತು. ಅದೇ ನೀರು ಹಳೆಯ ಕನ್ನಂಬಾಡಿಯನ್ನೂ ಸುತ್ತಿನ ಹಳ್ಳಿಗಳನ್ನೂ ನುಂಗಿತು. "ನೀರು ತಾಯಿಯೂ ಹೌದು, ಮಾರಿಯೂ ಹೌದು" ಎಂದು ನಮ್ಮ ಮುತ್ತಜ್ಜಿ ಹೇಳುತ್ತಿದ್ದುದು ಇಂದಿಗೂ ಕಿವಿಯಲ್ಲಿದೆ.

ಒಂಬತ್ತನೆಯ ವಯಸ್ಸಿಗೆ ನಮ್ಮನ್ನು ಮಠಕ್ಕೆ ಒಪ್ಪಿಸಿದರು. ಪಾಠಶಾಲೆಯಲ್ಲಿ ಸಂಸ್ಕೃತ, ಆಗಮ, ಷಟ್‌ಸ್ಥಲದ ಪಾಠವಾಯಿತು. ಪರಮಪೂಜ್ಯ ಗುರುಗಳು ಉದಾರ ದೃಷ್ಟಿಯವರು. "ಕಾವಿ ಉಟ್ಟವನಿಗೆ ಲೋಕದ ವಿದ್ಯೆಯೂ ಬೇಕು" ಎಂದು ಮೈಸೂರಿಗೆ ಕಳುಹಿಸಿದರು. ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ತರಗತಿಗೆ ಸೇರಿ, ಹರಿಹರ ಕವಿಯ ರಗಳೆಗಳನ್ನು ವಿಶೇಷವಾಗಿ ಅಭ್ಯಾಸ ಮಾಡಿದೆವು. ಈ ವಿವರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದೇ ನಮ್ಮನ್ನು ಚುಚ್ಚಿತು.

ಮೊದಲ ತಪ್ಪು ನಡೆದದ್ದು ೧೯೯೧ರ ಡಿಸೆಂಬರಿನಲ್ಲಿ. ಹಿಂದಿನ ವರ್ಷ ರಚನೆಯಾಗಿದ್ದ ಕಾವೇರಿ ನ್ಯಾಯಮಂಡಳಿ ೧೯೯೧ರ ಜೂನ್ ೨೫ರಂದು ತಮಿಳುನಾಡಿಗೆ ವರ್ಷಕ್ಕೆ ೨೦೫ ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ತೀರ್ಪು ಕೊಟ್ಟಿತ್ತು. ಡಿಸೆಂಬರಿನಲ್ಲಿ ಅದು ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದೊಡನೆ ಬೆಂಗಳೂರು ಹೊತ್ತಿಕೊಂಡಿತು. ಹಲವರು ಪ್ರಾಣ ಕಳೆದುಕೊಂಡರು. ಸಾವಿರಾರು ತಮಿಳರು ಮನೆ ಬಿಟ್ಟು ಓಡಿದರು. ಮೈಸೂರಿಗೂ ಅದರ ಬಿಸಿ ತಟ್ಟಿತು. ನಾವಿದ್ದ ವಿದ್ಯಾರ್ಥಿ ನಿಲಯದ ತಿರುವಿನಲ್ಲಿ ಒಬ್ಬ ಮುದುಕ ತಳ್ಳುಗಾಡಿಯ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದ. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ. ನಮ್ಮ ಕಾವಿಬಟ್ಟೆಗೆ ಇಸ್ತ್ರಿ ಹಾಕಿದರೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. "ಸಾಮಿ ಬಟ್ಟೆ" ಎಂದು ಮೊದಲು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆ ದಿನ ಮಧ್ಯಾಹ್ನ ಹತ್ತಾರು ಹುಡುಗರು ಬಂದು ಅವನ ಗಾಡಿಯನ್ನು ಮಗುಚಿದರು. ಕೆಂಡ ರಸ್ತೆಯ ಮೇಲೆ ಚೆಲ್ಲಿತು. ನಾವು ಮಹಡಿಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು. ಕೆಳಗಿಳಿಯಲಿಲ್ಲ. ಕಾವಿ ಉಟ್ಟವನೊಬ್ಬ ಮಧ್ಯೆ ಹೋಗಿ ನಿಂತಿದ್ದರೆ ಆ ಹುಡುಗರು ಹಿಂದೆ ಸರಿಯುತ್ತಿದ್ದರೆಂಬುದು ಅಂದೇ ನಮಗೆ ಗೊತ್ತಿತ್ತು. ಮಾರನೆಯ ದಿನ ಆ ಜಾಗದಲ್ಲಿ ಬೂದಿ ಮಾತ್ರ ಇತ್ತು. ಮುದುಕ ಮತ್ತೆ ಬರಲಿಲ್ಲ.

ನಮ್ಮನ್ನು ನಾವು ಸಮಾಧಾನಪಡಿಸಿಕೊಂಡ ಬಗೆಯನ್ನೂ ಹೇಳಬೇಕು. "ಇದು ರಾಜಕೀಯ, ವಿರಕ್ತನಿಗೆ ಇದರ ಗೊಡವೆ ಏಕೆ?" ಎಂದುಕೊಂಡೆವು. ಬೂಕನಕೆರೆಯ ಉಪಾಧ್ಯಾಯರು ಕೇಳಿದ ಪ್ರಶ್ನೆಯನ್ನು ನಾವು ಅಂದು ಉತ್ತರವಾಗಿ ಬಳಸಿಕೊಂಡಿದ್ದೆವು. ಅಂದು ಸಂಜೆ ಲಿಂಗಪೂಜೆಗೆ ಕುಳಿತಾಗ ದೃಷ್ಟಿ ನಿಲ್ಲಲಿಲ್ಲ. ಅಂಗೈಯ ಲಿಂಗದ ಮುಂದೆ ಕೆಂಡ ಚೆಲ್ಲಿದ ರಸ್ತೆಯೇ ಕಾಣುತ್ತಿತ್ತು.

ಎರಡನೆಯ ತಪ್ಪು ಇಪ್ಪತ್ತೈದು ವರ್ಷಗಳ ತರುವಾಯದ್ದು. ಮೊದಲನೆಯದು ಮೌನದ ತಪ್ಪಾದರೆ ಇದು ಮಾತಿನ ತಪ್ಪು. ೨೦೧೬ರ ಮಳೆಗಾಲ ಕೈಕೊಟ್ಟಿತ್ತು. ಸೆಪ್ಟೆಂಬರ್ ೫ರಂದು ಸರ್ವೋಚ್ಚ ನ್ಯಾಯಾಲಯವು ದಿನಕ್ಕೆ ೧೫,೦೦೦ ಕ್ಯೂಸೆಕ್‌ನಂತೆ ಹತ್ತು ದಿನ ನೀರು ಬಿಡಬೇಕೆಂದು ಆದೇಶಿಸಿತು. ಮಂಡ್ಯ ಜಿಲ್ಲೆ ಕುದಿಯಿತು. ೯ರಂದು ಕರ್ನಾಟಕ ಬಂದ್ ಆಯಿತು. ರೈತರು ಶಾಮಿಯಾನ ಹಾಕಿ ಧರಣಿ ಕುಳಿತರು, ನಮ್ಮನ್ನೂ ಕರೆದರು. ಹೋದೆವು. ಹೋದದ್ದು ತಪ್ಪಲ್ಲ. ಬೆಳೆ ಒಣಗುವಾಗ ಬೆಳೆಗಾರನ ಪಕ್ಕದಲ್ಲಿ ಕೂರದ ಮಠ, ಸುಗ್ಗಿಯಲ್ಲಿ ಅವನ ಭತ್ತವನ್ನು ದಾಸೋಹಕ್ಕೆ ಸ್ವೀಕರಿಸುವ ಅಧಿಕಾರವನ್ನು ಕಳೆದುಕೊಳ್ಳುತ್ತದೆ.

ತಪ್ಪಾದದ್ದು ಮಾತಿನಲ್ಲಿ. ೧೧ನೆಯ ತಾರೀಕು, ಭಾನುವಾರ. ನಮಗಿಂತ ಮೊದಲು ಮಾತನಾಡಿದವರಿಗೆ ದೊಡ್ಡ ಚಪ್ಪಾಳೆ ಬಿದ್ದಿತ್ತು. ಧ್ವನಿವರ್ಧಕ ಕೈಗೆ ಬಂದಾಗ ಒಳಗಿನ ಅಹಂಕಾರ ಎಚ್ಚೆತ್ತಿತು. ಅಂಕಿಅಂಶ ಹೇಳಿದೆವು, ಯಾರೂ ಅಲುಗಲಿಲ್ಲ. ಆಗ ದನಿ ಏರಿಸಿ, "ನಮ್ಮ ಹೊಲಕ್ಕೆ ನೀರಿಲ್ಲದ ಮೇಲೆ ಅವರ ಗಾಡಿಗೆ ನಮ್ಮ ದಾರಿ ಏಕೆ?" ಎಂದೆವು. ಸಭೆ ಎದ್ದು ನಿಂತಿತು. ಜಯಕಾರ ಮೊಳಗಿತು. ಆ ಶಬ್ದ ಎಷ್ಟು ಹಿತವಾಗಿತ್ತೆಂಬುದನ್ನು ಹೇಳಿಕೊಳ್ಳಲು ಇಂದು ನಾಚಿಕೆಯಾಗುತ್ತದೆ.

ಅಂದು ರಾತ್ರಿ ಹತ್ತರ ಸುಮಾರಿಗೆ ಹತ್ತಿರದ ಶಾಲೆಯ ಮೇಷ್ಟ್ರು ಒಬ್ಬ ಮನುಷ್ಯನನ್ನು ಮಠಕ್ಕೆ ಕರೆತಂದರು. ಚನ್ನರಾಯಪಟ್ಟಣದ ಕಡೆಗೆ ತೆಂಗಿನಕಾಯಿ ತುಂಬಲು ಬಂದು ಬಂದ್ ಕಾರಣ ಸಿಕ್ಕಿಹಾಕಿಕೊಂಡಿದ್ದ ತಮಿಳುನಾಡಿನ ಲಾರಿಯ ಚಾಲಕ. ಕತ್ತಲಲ್ಲಿ ಊರು ದಾಟಿಬಿಡೋಣವೆಂದು ಹೊರಟಿದ್ದನಂತೆ. ಹುಡುಗರು ಅಡ್ಡಗಟ್ಟಿ ಕಲ್ಲು ಬೀರಿದ್ದರು. ಮುಂದಿನ ಗಾಜು ಒಡೆದು ಹಣೆ ಸೀಳಿತ್ತು. ದೀಪದ ಬೆಳಕಿನಲ್ಲಿ ಅವನ ಮುಖ ನೋಡಿದೆವು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಅದರ ಮೇಲಿಂದ ರಕ್ತ ಇಳಿದು, ಬೂದಿ ಕೆಸರಾಗಿ ಹುಬ್ಬಿನವರೆಗೆ ಬಂದಿತ್ತು. ಕಾವಿ ಕಂಡೊಡನೆ ಅವನು ಎರಡು ಕೈಯನ್ನೂ ತಲೆಯ ಮೇಲೆತ್ತಿ ಮುಗಿದ. ನಮಗೆ ಮರಳಿ ಕೈಯೆತ್ತಿ ಆಶೀರ್ವದಿಸುವ ಧೈರ್ಯ ಬರಲಿಲ್ಲ.

ಕಲ್ಲು ಹೊಡೆದ ಹುಡುಗರಲ್ಲಿ ಒಬ್ಬ ನಮ್ಮ ಮಠದಲ್ಲೇ ಉಂಡು ಓದಿದವನೆಂದು ಮೇಷ್ಟ್ರು ತಿಳಿಸಿದರು. ಬೆಳಗಾಗುವ ಮೊದಲೇ ಅವನನ್ನು ಕರೆಸಿ ಗದರಿದೆವು. ಅವನು ತಲೆ ತಗ್ಗಿಸಿ ನಿಂತಿದ್ದು, ಕಡೆಗೆ ಮೆಲ್ಲಗೆ ಹೇಳಿದ: "ಬುದ್ಧೀ, ಅವರ ಗಾಡಿಗೆ ನಮ್ಮ ದಾರಿ ಯಾಕೆ ಅಂತ ತಾವೇ ಅಲ್ವಾ ಕೇಳಿದ್ದು?" ಅವನ ದನಿಯಲ್ಲಿ ಉದ್ಧಟತನವಿರಲಿಲ್ಲ. ಗುರುವಿನ ವಾಕ್ಯವನ್ನು ಪಾಲಿಸಿದೆನೆಂಬ ನಂಬಿಕೆಯಿತ್ತು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಮಾರನೆಯ ದಿನ, ಸೆಪ್ಟೆಂಬರ್ ೧೨ರಂದು, ನ್ಯಾಯಾಲಯವು ಪ್ರಮಾಣವನ್ನು ೧೨,೦೦೦ ಕ್ಯೂಸೆಕ್‌ಗೆ ಇಳಿಸಿ ಅವಧಿಯನ್ನು ಮುಂದುವರಿಸಿತು. ಅದೇ ದಿನ ಚೆನ್ನೈಯಲ್ಲಿ ಕನ್ನಡಿಗರೊಬ್ಬರ ಹೋಟೆಲಿನ ಮೇಲೆ ದಾಳಿಯಾಯಿತು. ಬೆಂಗಳೂರಿನಲ್ಲಿ ಒಂದು ತಂಗುದಾಣದಲ್ಲಿ ನಿಂತಿದ್ದ ಹತ್ತಾರು ಬಸ್ಸುಗಳು ಒಟ್ಟಿಗೆ ಉರಿದವು. ಕರ್ಫ್ಯೂ ಬಂದಿತು, ಪ್ರಾಣಹಾನಿಯೂ ಆಯಿತು. ಚಾಲಕ ಊರಿಗೆ ಹೋಗುವಂತಿರಲಿಲ್ಲ. ಆರು ದಿನ ಮಠದಲ್ಲೇ ಉಳಿದ. ಸುಮ್ಮನೆ ಕೂರುವ ಜೀವವಲ್ಲ. ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸುತ್ತಿದ್ದ. ದಾಸೋಹದಲ್ಲಿ ರಾಗಿಮುದ್ದೆಯನ್ನು ಅಗಿಯಲು ಹೋಗಿ ಒದ್ದಾಡುತ್ತಿದ್ದ. ಕಲ್ಲು ಹೊಡೆದ ಹುಡುಗನೇ ಪಕ್ಕದಲ್ಲಿ ಕುಳಿತು, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ತೋರಿಸಿಕೊಟ್ಟ. ನಾವು ಹೇಳಿ ಮಾಡಿಸಿದ್ದಲ್ಲ. ಹಣೆಯ ಗಾಯಕ್ಕೆ ಹೊಲಿಗೆ ಹಾಕಿಸಲು ಆಸ್ಪತ್ರೆಗೆ ಕರೆದೊಯ್ದವನೂ ಅವನೇ.

ಒಂದು ಸಂಜೆ ಚಾಲಕನ ಊರು ಯಾವುದೆಂದು ಕೇಳಿದೆವು. ತಿರುವಾರೂರು ಜಿಲ್ಲೆಯ ಒಂದು ಹಳ್ಳಿ. "ಅಪ್ಪಾ ವಿವಸಾಯಿ, ಸಾಮಿ. ತಣ್ಣಿ ಇಲ್ಲೆ. ಅದಕ್ಕೆ ಲಾರಿ" ಎಂದ. ತಂದೆ ಭತ್ತ ಬೆಳೆಯುವವರು, ನೀರು ಬರಲಿಲ್ಲ, ಮಗ ಲಾರಿ ಹತ್ತಿದ. ಮೂರೇ ಮಾತಿನಲ್ಲಿ ಮುಗಿದ ಆ ಕಥೆ ಬೂಕನಕೆರೆ ಹೋಬಳಿಯ ಎಷ್ಟು ಮನೆಗಳದ್ದಲ್ಲ!

ತಿರುವಾರೂರು ಎಂಬ ಹೆಸರು ಕೇಳಿದಾಗ ನಮಗಾದ ಅವಸ್ಥೆಯನ್ನು ವೀರಶೈವ ಸಾಹಿತ್ಯ ಬಲ್ಲವರು ಊಹಿಸಿಯಾರು. ನಾವು ಎಂ.ಎ. ತರಗತಿಯಲ್ಲಿ ತಿಂಗಳುಗಟ್ಟಲೆ ಓದಿದ ಹರಿಹರನ ನಂಬಿಯಣ್ಣನ ರಗಳೆಯ ಊರು ಅದು. ನಾವು ನಿತ್ಯ ಸ್ಮರಿಸುವ ಅರವತ್ತುಮೂವರು ಪುರಾತನರು ಯಾರು? ತಮಿಳುನಾಡಿನ ಶಿವಭಕ್ತರು. ಅವರಲ್ಲಿ ಅನೇಕರು ಕಾವೇರಿಯ ನೀರು ಕುಡಿದವರು. ಕಾರಿಕಾಲಮ್ಮೆಯ ಕಾರೈಕಾಲ್ ಇರುವುದು ಆ ನದಿ ಕಡಲು ಸೇರುವ ಸೀಮೆಯಲ್ಲಿ. ಬಸವಾದಿ ಶರಣರು ತಮಗಿಂತ ಹಿಂದಿನ ಈ ಭಕ್ತರನ್ನು ನೆನೆದು ಧನ್ಯರಾದರು. ಭಾಷೆ ಯಾವುದೆಂದು ಕೇಳಲಿಲ್ಲ. ಇಪ್ಪತ್ತು ವರ್ಷ ಪುರಾತನರ ಪುರಾಣ ಹೇಳಿ ಕಾಣಿಕೆ ಸ್ವೀಕರಿಸಿದ ನಾವು, ಪುರಾತನರ ನೆರೆಮನೆಯವನ ಹಣೆ ಒಡೆಸಿದ್ದೆವು.

ನಮ್ಮ ಮಂಡ್ಯ ಸೀಮೆಗೆ ತಮಿಳು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಶ್ರೀರಾಮಾನುಜಾಚಾರ್ಯರು ಕಾವೇರಿಯ ಕೆಳದಂಡೆಯ ಶ್ರೀರಂಗದಿಂದ ಮೇಲುಸೀಮೆಗೆ ಆಶ್ರಯ ಹುಡುಕಿ ಬಂದಾಗ ಹೊಯ್ಸಳರ ನಾಡು ಅವರಿಗೆ ನೆಲೆ ಕೊಟ್ಟಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಇಂದಿಗೂ ಆಳ್ವಾರರ ತಮಿಳು ಪಾಸುರಗಳ ಪಾರಾಯಣ ನಡೆಯುತ್ತದೆ. ನೀರು ಮೇಲಿನಿಂದ ಕೆಳಕ್ಕೆ ಹರಿದರೆ, ಭಕ್ತಿ ಕೆಳಗಿನಿಂದ ಮೇಲಕ್ಕೆ ಬಂದಿತು. ಈ ಲೆಕ್ಕವನ್ನು ಯಾವ ನ್ಯಾಯಮಂಡಳಿಯೂ ಹಾಕಲಾರದು, ಮಠಗಳಾದರೂ ಹಾಕಬೇಡವೆ?

೧೩ರಂದು ಮತ್ತೆ ಅದೇ ಶಾಮಿಯಾನಕ್ಕೆ ಹೋದೆವು. ಅದೇ ಧ್ವನಿವರ್ಧಕ ಹಿಡಿದು, "ಮೊನ್ನೆ ನಾವು ಆಡಿದ ಒಂದು ಮಾತು ತಪ್ಪು. ನೀರು ನಮಗೆ ಬೇಕು, ಅದನ್ನು ಕೇಳುತ್ತೇವೆ. ಕೇಳುವವರೊಡನೆ ಕಡೆಯವರೆಗೂ ಕೂರುತ್ತೇವೆ. ಆದರೆ ದಾರಿಯಲ್ಲಿ ಹೋಗುವವನ ಮೇಲೆ ಕೈಮಾಡಿದವನು ನಮ್ಮ ಮಾತನ್ನು ಕೇಳಿ ಮಾಡಿದೆನೆನ್ನಬಾರದು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ" ಎಂದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ಒಬ್ಬರು "ಸ್ವಾಮಿಗಳಿಗೆ ಎಲ್ಲಿಂದ ಬಂತು ಈ ಬುದ್ಧಿ" ಎಂದು ಕೂಗಿದರು. ವರ್ಷವೂ ದಾಸೋಹಕ್ಕೆ ಭತ್ತ ಕಳುಹಿಸುತ್ತಿದ್ದ ಒಂದು ಮನೆಯವರು ಆ ವರ್ಷದಿಂದ ನಿಲ್ಲಿಸಿದರು. ಎರಡು ಊರಿನ ಜಾತ್ರೆಯ ಆಹ್ವಾನಪತ್ರದಲ್ಲಿ ನಮ್ಮ ಹೆಸರು ಬರಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಒಡೆದ ಗಾಜಿಗೂ ಸೀಳಿದ ಹಣೆಗೂ ಹೋಲಿಸಿದರೆ ನಮ್ಮಿಂದ ಹೋದದ್ದು ಬಲು ಸ್ವಲ್ಪ.

೨೦೧೯ರಲ್ಲಿ ನಾವು ತಿರುವಾರೂರಿಗೆ ಹೋಗಿಬಂದೆವು. ತ್ಯಾಗರಾಜಸ್ವಾಮಿಯ ಮಹಾದೇವಾಲಯ, ಅದರ ಮುಂದಿನ ಕಮಲಾಲಯ ಕೊಳ, ಬೆಟ್ಟದಂಥ ತೇರು, ಎಲ್ಲವನ್ನೂ ಕಂಡೆವು. ಆ ಚಾಲಕನೇ ಬಂದು ತನ್ನ ಊರಿಗೆ ಕರೆದೊಯ್ದ. ಹಣೆಯ ಗಾಯದ ಕಲೆ ಹಾಗೆಯೇ ಇತ್ತು. ವಿಭೂತಿ ಅದನ್ನು ಅರ್ಧ ಮುಚ್ಚಿತ್ತು. ಅವನ ತಂದೆ ನಮ್ಮನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಒಣಗಿದ ಕಾಲುವೆ ತೋರಿಸಿದರು. ತಮ್ಮದು ಕಾಲುವೆಯ ಕೊನೆಯ ಹಳ್ಳಿ. ಮೇಲಿನವರು ತುಂಬಿಸಿಕೊಂಡು ಉಳಿದರೆ ಮಾತ್ರ ತಮಗೆ. ಅಧಿಕಾರಿಗಳು ಬರುತ್ತಾರೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ ಎಂದರು. ಮಗ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಮೊದಲೇ ನಮಗೆ ಅರ್ಥವಾಗಿತ್ತು. ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನ ಮದ್ದೂರು, ಮಳವಳ್ಳಿ ಕಡೆಯ ರೈತರಿಂದ ಇದೇ ಮಾತನ್ನು ಇದೇ ದನಿಯಲ್ಲಿ ಎಷ್ಟು ಬಾರಿ ಕೇಳಿಲ್ಲ! ಅವರ ಮನೆಯ ವೃದ್ಧೆ ನಮ್ಮ ಪಾದಕ್ಕೆ ನೀರೆರೆಯುತ್ತ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಕಡೆ ಈ ವರ್ಷ ಮಳೆಯಾಯಿತೆ? ನಮ್ಮ ಮಳೆಗಾಗಿ ಅಷ್ಟು ದೂರದಲ್ಲಿ ಒಬ್ಬ ಮುದುಕಿ ಆಕಾಶ ನೋಡುತ್ತಾಳೆಂಬುದು ನಮಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಈಗ ಉಪಾಧ್ಯಾಯರ ಪ್ರಶ್ನೆಗೆ ಬರೋಣ.

ಮಠದವರು ಲೋಕದ ಜಗಳಕ್ಕೆ ಏಕೆ ಬರಬೇಕು? ನಮ್ಮ ಧರ್ಮ ಹುಟ್ಟಿಬೆಳೆದದ್ದೇ ಲೋಕದ ನಡುವೆ. ಬಸವಣ್ಣನವರು ಕಾಡಿಗೆ ಹೋಗಿ ತಪಸ್ಸು ಮಾಡಿದವರಲ್ಲ. ಕಲ್ಯಾಣದ ಭಂಡಾರದ ಲೆಕ್ಕ ನೋಡಿದವರು. ದಯೆಯ ಕುರಿತು ಅವರು ಹೇಳಿದ್ದು ನಮಗೆಲ್ಲ ಬಾಯಿಪಾಠವಾಗಿದೆ. ಅದನ್ನು ಅವರು ಹೇಳಿದ್ದು ಅರಮನೆ ಬೀದಿಗಳ ನಡುವೆ ನಿಂತು ಎಂಬುದನ್ನು ಮರೆಯುತ್ತೇವೆ. ಹರಳಯ್ಯ ಮಧುವರಸರಿಗೆ ಘೋರ ಶಿಕ್ಷೆಯಾಗಿ ಕಲ್ಯಾಣ ರಕ್ತಪಾತದ ಕಡೆಗೆ ಸರಿದಾಗ ಅವರು ಕೂಡಲಸಂಗಮದ ಕಡೆ ನಡೆದರು, ಖಡ್ಗದ ಕಡೆಗಲ್ಲ. ನಮ್ಮದೇ ಪರಂಪರೆಯ ಕಥನಗಳಲ್ಲಿ ಬಿಜ್ಜಳನ ವಧೆಯ ಕಥೆಯೂ ಇದೆಯೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ಗುರು ಹೋದ ದಾರಿ ಒಂದು, ಸಿಟ್ಟಿಗೆದ್ದವರು ಹಿಡಿದ ದಾರಿ ಇನ್ನೊಂದು. ಅನುಯಾಯಿಗಳ ಮುಂದೆ ಎಲ್ಲ ಕಾಲದಲ್ಲೂ ಈ ಎರಡು ದಾರಿಗಳಿರುತ್ತವೆ. ಇನ್ನು ಜಂಗಮವೆಂಬ ಶಬ್ದದ ಅರ್ಥವೇ ಚಲಿಸುವುದು. ಊರಿಂದೂರಿಗೆ ನಡೆಯುವವನಿಗೆ ಎಲ್ಲ ಊರಿನ ದುಃಖವೂ ತಿಳಿಯುತ್ತದೆ. ನಿಂತಲ್ಲೇ ನಿಂತ ಜಂಗಮನಿಗೆ ತನ್ನ ಓಣಿಯ ನೋವೊಂದೇ ನೋವಾಗಿ ಕಾಣುತ್ತದೆ.

ಹಾಗಾದರೆ ಹೇಗೆ ಬರಬೇಕು? ನಮ್ಮ ಕಾಲದ ಹಿರಿಯರ ನಡೆ ಕಣ್ಣ ಮುಂದಿದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವವರೆಗೂ ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರಗಳನ್ನು ನೀಡಿದರು. ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಮಕ್ಕಳು ಒಬ್ಬರನ್ನೊಬ್ಬರು ಅನ್ಯರೆಂದು ಬಗೆಯುವುದು ಕಷ್ಟ. ಶಾಂತಿಯ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರು ಗೋಕಾಕ ಚಳವಳಿಯಲ್ಲಿ ಕನ್ನಡದ ಪರ ನಿಂತರು. ಅವರೇ ಕೋಮುಸೌಹಾರ್ದಕ್ಕಾಗಿಯೂ ದುಡಿದು ರಾಷ್ಟ್ರಮಟ್ಟದ ಗೌರವ ಪಡೆದರು. ಭಾಷೆಯ ಅಭಿಮಾನಕ್ಕೂ ಪರರ ಮೇಲಿನ ಪ್ರೀತಿಗೂ ವೈರವಿಲ್ಲವೆಂಬುದಕ್ಕೆ ಅವರ ಬದುಕೇ ಸಾಕ್ಷಿ. ೨೦೧೧ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿ ತೆಗೆದುಕೊಳ್ಳಲು ಹೊರಟಾಗ ಅವರು ರೈತರೊಡನೆ ಬೀದಿಗಿಳಿದರು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಬೂಕನಕೆರೆಯವರೇ ಆದ ಯಡಿಯೂರಪ್ಪನವರು. ಸ್ವಾಮಿಗಳು ಭಕ್ತಸಮೂಹದ ಮುಖ್ಯಮಂತ್ರಿಯೆಂದು ಸುಮ್ಮನಾಗಲಿಲ್ಲ. ಮುಖ್ಯಮಂತ್ರಿಗಳೂ ಹಟಕ್ಕೆ ಬೀಳದೆ ಆ ವರ್ಷದ ಜುಲೈನಲ್ಲಿ ಯೋಜನೆಯನ್ನು ಕೈಬಿಟ್ಟರು. ಧರ್ಮ ಅಧಿಕಾರದೊಡನೆ ಹೀಗೂ ಮಾತನಾಡಬಹುದು.

"ಶಾಂತಿಯೆಂದರೆ ನೀರನ್ನು ಬಿಟ್ಟುಕೊಡುವುದೇ?" ಎಂದು ತರುಣರು ಕೇಳುತ್ತಾರೆ. ಅಲ್ಲ. ೨೦೧೮ರ ಫೆಬ್ರುವರಿ ೧೬ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು ೨೭೦ರಿಂದ ೨೮೪.೭೫ ಟಿ.ಎಂ.ಸಿ.ಗೆ ಏರಿಸಿತು. ಹೆಚ್ಚಾದ ೧೪.೭೫ರಲ್ಲಿ ೪.೭೫ ಬೆಂಗಳೂರಿನ ಕುಡಿಯುವ ನೀರಿಗೆಂದು ಬಂದದ್ದು; ಉಳಿದ ೧೦ ಟಿ.ಎಂ.ಸಿ. ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ ದೊರೆತದ್ದು. ಈ ಒಂದೊಂದು ಹನಿಯೂ ದಾಖಲೆಯಿಂದ, ವಾದದಿಂದ, ತಾಳ್ಮೆಯಿಂದ ಬಂದಿತು. ಉರಿದ ಬಸ್ಸುಗಳಿಂದ ಒಂದು ಬೊಗಸೆಯೂ ಬರಲಿಲ್ಲ. ೨೦೦೩ರಲ್ಲಿ ಚೆನ್ನೈಯ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ನೆರವಿನಿಂದ ಎರಡೂ ರಾಜ್ಯಗಳ ರೈತರು ಸೇರಿ 'ಕಾವೇರಿ ಕುಟುಂಬ'ವೆಂದು ಹೆಸರಿಟ್ಟುಕೊಂಡು, ಒಬ್ಬರ ಹೊಲವನ್ನೊಬ್ಬರು ನೋಡಿಬಂದು, ಕಷ್ಟದ ವರ್ಷದಲ್ಲಿ ಇರುವಷ್ಟನ್ನು ಹೇಗೆ ಹಂಚಿಕೊಳ್ಳುವುದೆಂದು ಚರ್ಚಿಸಿದರು. ಆ ಪ್ರಯತ್ನ ವಿವಾದವನ್ನು ಮುಗಿಸಲಿಲ್ಲ. ಆದರೂ ಮಠಗಳು ಮಾಡಬೇಕಾಗಿದ್ದ ಕೆಲಸವನ್ನು ರೈತರೇ ಮೊದಲು ಮಾಡಿದರೆಂಬುದನ್ನು ನೆನೆದರೆ ಸಂಕೋಚವಾಗುತ್ತದೆ.

೨೦೨೩ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ಮತ್ತೆ ಆದೇಶ ಬಂದಿತು. ಸೆಪ್ಟೆಂಬರ್ ೨೬ರಂದು ಬೆಂಗಳೂರು ಬಂದ್, ೨೯ರಂದು ಕರ್ನಾಟಕ ಬಂದ್ ನಡೆದವು. ಮಂಡ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಮೆಯ ಬಳಿ ಧರಣಿ ಕುಳಿತ ರೈತರ ಜತೆ ನಾವೂ ಒಂದು ದಿನ ಕುಳಿತೆವು. ಈ ಬಾರಿ ಮನಸ್ಸಿನಲ್ಲಿ ಮೂರು ನೇಮಗಳಿದ್ದವು. ಸರ್ಕಾರವನ್ನು ಕುರಿತು ಮಾತನಾಡುವಾಗ ಜನರನ್ನು ಕುರಿತು ಆಡಬಾರದು. ಅಂಕಿ ತಿಳಿಯದೆ ವೇದಿಕೆ ಹತ್ತಬಾರದು. ಸಭೆ ಮುಗಿದೊಡನೆ ಕಾರು ಹತ್ತದೆ, ಕಡೆಯ ಹುಡುಗ ಮನೆಗೆ ಹೊರಡುವವರೆಗೂ ಅಲ್ಲೇ ಇರಬೇಕು. ಮೂರನೆಯದೇ ಕಠಿಣ. ಭಾಷಣ ಕೇಳಿದ ಹುಡುಗರು ಕತ್ತಲಾದ ಮೇಲೆ ಏನು ಮಾಡುತ್ತಾರೆಂಬುದು ಭಾಷಣ ಮಾಡಿದವನ ಹೊಣೆಯೂ ಹೌದು. ಅಂದು ರಾತ್ರಿ ನಮ್ಮ ಜತೆ ಕಡೆಯವರೆಗೆ ಉಳಿದವನು ಆ ಹಳೆಯ ವಿದ್ಯಾರ್ಥಿ. ಈಗ ಅವನಿಗೆ ಎರಡು ಮಕ್ಕಳು. "ಬುದ್ಧೀ, ಎಲ್ಲಾ ಹೋದ್ರು, ಹೊರಡಾಣ" ಎಂದ. ಹೊರಟೆವು.

ನೀರಿನ ಮಾತು ಬೇರೆ, ಮತದ ಮಾತು ಬೇರೆ ಎನ್ನುವವರಿದ್ದಾರೆ. ೨೦೨೪ರ ಸೆಪ್ಟೆಂಬರ್ ೧೧ರಂದು ನಾಗಮಂಗಲದಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆಯ ವೇಳೆ ಘರ್ಷಣೆಯಾಗಿ ಅಂಗಡಿಗಳು ಉರಿದವು. ಕೆಲವು ದಿನಗಳ ಮೇಲೆ ಊರ ಹಿರಿಯರೊಡನೆ ನಾವು ಆ ಬೀದಿಯಲ್ಲಿ ನಡೆದೆವು. ಬೂದಿ ನೋಡಿದರೆ ಯಾವ ಅಂಗಡಿ ಯಾರದೆಂದು ತಿಳಿಯುತ್ತಿರಲಿಲ್ಲ. ೧೯೯೧ರ ಮೈಸೂರಿನ ಆ ತಿರುವಿನಲ್ಲಿ ಕಂಡ ಬೂದಿಯೇ ಇಲ್ಲೂ ಬಿದ್ದಂತಿತ್ತು. ಅಂದು ಕಿಟಕಿಯಿಂದ ಇಳಿಯದ ಕಾಲುಗಳು ಇಂದಾದರೂ ಬೀದಿಯಲ್ಲಿವೆ ಎಂಬ ಸಮಾಧಾನ ಒಂದು. ಉರಿದ ಮೇಲೆ ಬಂದೆವಲ್ಲ, ಉರಿಯುವ ಮೊದಲೇಕೆ ಬರಲಿಲ್ಲವೆಂಬ ಕೊರಗು ಇನ್ನೊಂದು. ಅಂಗಡಿಯ ಮುಂದೆ ಕುಳಿತಿದ್ದ ಒಬ್ಬರು ಎದ್ದು ಕುರ್ಚಿ ಕೊಟ್ಟರು. ಹೆಚ್ಚು ಮಾತಿಲ್ಲದೆ ಸ್ವಲ್ಪ ಹೊತ್ತು ಅವರೊಡನೆ ಕುಳಿತೆವು.

ಉಪಾಧ್ಯಾಯರು ಹೇಳಿದ್ದು ನಿಜ. ಶಾಂತಿಯ ಮಾತಾಡುವವನು ಎರಡು ಕಡೆಯವರಿಗೂ ಬೇಡವಾಗುವುದುಂಟು. ಆದರೆ ವಿಭೂತಿ ಧರಿಸುವಾಗ ನಾವು ಒಪ್ಪಿಕೊಳ್ಳುವುದು ಇದನ್ನೇ: ಎಲ್ಲವೂ ಒಂದು ದಿನ ಬೂದಿಯಾಗುವುದು, ಆದುದರಿಂದ ಯಾವುದನ್ನೂ ನಾವು ಬೂದಿ ಮಾಡತಕ್ಕದ್ದಲ್ಲ. ಈಗ ಪ್ರತಿದಿನ ಬೆಳಿಗ್ಗೆ ಹಣೆಗೆ ಭಸ್ಮ ಹಚ್ಚುವಾಗ ಇನ್ನೊಂದು ಹಣೆಯ ನೆನಪು ಬರುತ್ತದೆ. ಅದು ಮರೆಯದಿರಲೆಂದೇ ಪ್ರಾರ್ಥಿಸುತ್ತೇವೆ.

ಬೂಕನಕೆರೆಯ ಭಕ್ತರು ಬರುವ ಶ್ರಾವಣಕ್ಕೂ ಕರೆದಿದ್ದಾರೆ. ಈ ಬಾರಿ ಗೋಷ್ಠಿಯ ದಾಸೋಹಕ್ಕೆ ಅತಿಥಿಯೊ‌ಬ್ಬನನ್ನು ಕರೆತರುವ ವಿಚಾರವಿದೆ. ತಿರುವಾರೂರಿನಿಂದ ಬರಬೇಕು, ದಾರಿ ದೂರ. ಅವನಿಗೆ ಮುದ್ದೆ ನುಂಗಲು ಈಗ ಚೆನ್ನಾಗಿ ಬರುತ್ತದೆ. ಅವನ ಗಾಡಿಗೆ ನಮ್ಮ ದಾರಿ ತೆರೆದಿರಲಿ. ಸರ್ವರಿಗೂ ಸನ್ಮಂಗಳವಾಗಲಿ.